ದುಡಿಮೆಯ ಪ್ರಾಯ, ಮದುವೆಯ ಪ್ರಾಯ: ಬೆಂಗಳೂರಿನ ಹೊರವಲಯವೂ ಆರೋಗ್ಯ ಅಧ್ಯಯನಗಳ ಹಾದಿಯೂ

ಓದು ಮುಗಿಸುವುದು, ಮೊದಲ ಸಂಬಳ ಪಡೆಯುವುದು, ಹೆತ್ತವರ ಮನೆಯಿಂದ ಹೊರಡುವುದು, ಮದುವೆಯಾಗುವುದು, ಮೊದಲ ಮಗುವನ್ನು ಪಡೆಯುವುದು ಎಂಬ ಐದು ಮೆಟ್ಟಿಲುಗಳನ್ನು ಏರುವ ಕಾಲವನ್ನು ಜನಸಂಖ್ಯಾಶಾಸ್ತ್ರದಲ್ಲಿ ವಯಸ್ಕತನದ ಸಂಕ್ರಮಣ ಎಂದು ಕರೆಯುತ್ತಾರೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ಈ ಐದೂ ಬೇರೆ ಬೇರೆಯಾಗಿರಲಿಲ್ಲ. ಮದುವೆಯೊಂದು ನಡೆದರೆ ಓದು ನಿಲ್ಲುತ್ತಿತ್ತು, ಮನೆ ಬದಲಾಗುತ್ತಿತ್ತು, ತಾಯ್ತನ ಹಿಂದೆಯೇ ಬರುತ್ತಿತ್ತು. ಪೀಣ್ಯ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಿಗೆ ದುಡಿಯಲು ಬಂದ ಯುವಜನರಲ್ಲಿ ಅನೇಕರಿಗೆ ಮೆಟ್ಟಿಲುಗಳ ಕ್ರಮವೇ ಬದಲಾಗಿದ್ದು, ಸಂಬಳವೂ ಮನೆ ಬಿಡುವುದೂ ಮದುವೆಗಿಂತ ಮೊದಲು ಬಂದಿವೆ. ಈ ಬದಲಾದ ಕ್ರಮ ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಯ ಹಿಂದೆ ಎರಡು ಅಧ್ಯಯನ ಪರಂಪರೆಗಳಿವೆ. ಒಂದು ಯುರೋಪಿನದು, ಇನ್ನೊಂದು ಮೈಸೂರು ಸೀಮೆಯದೇ.

ಮದುವೆಗೂ ಆಯುಸ್ಸಿಗೂ ಇರುವ ನಂಟನ್ನು ಅಂಕಿಅಂಶಗಳಿಂದ ತೋರಿಸಿದವರಲ್ಲಿ ಮೊದಲಿಗನೆಂದು ಸಾಮಾನ್ಯವಾಗಿ ಹೆಸರಿಸುವುದು ಇಂಗ್ಲೆಂಡಿನ ವಿಲಿಯಂ ಫಾರ್‌ನನ್ನು. 1858ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಫ್ರಾನ್ಸಿನ ದಾಖಲೆಗಳನ್ನು ಪರಿಶೀಲಿಸಿದ ಅವನು, ವಿವಾಹಿತರ ಸಾವಿನ ಪ್ರಮಾಣ ಅವಿವಾಹಿತರದ್ದಕ್ಕಿಂತ ಕಡಿಮೆಯೆಂದೂ ಸಂಗಾತಿಯನ್ನು ಕಳೆದುಕೊಂಡವರ ಸ್ಥಿತಿ ಇನ್ನೂ ಕಷ್ಟವೆಂದೂ ಕಂಡುಕೊಂಡ. ಇದಕ್ಕೆ ಮುಂದಿನ ವಿದ್ವಾಂಸರು ಎರಡು ವಿವರಣೆ ಕೊಟ್ಟರು: ಜೊತೆಗಾರರ ಆರೈಕೆ ಮತ್ತು ಎರಡು ಕೈಗಳ ಗಳಿಕೆ ಕಾಯುತ್ತವೆ ಎಂಬುದು ರಕ್ಷಣೆಯ ವಾದ, ಆರೋಗ್ಯವಂತರಿಗೇ ಮದುವೆ ಸುಲಭವಾಗಿ ಕೂಡಿಬರುವುದರಿಂದ ಲೆಕ್ಕ ಹಾಗೆ ಕಾಣುತ್ತದೆ ಎಂಬುದು ಆಯ್ಕೆಯ ವಾದ. ಆದರೆ ಫಾರ್‌ನ ಲೆಕ್ಕದಲ್ಲಿಯೇ ಇಪ್ಪತ್ತು ತುಂಬದ ಹೆಂಡತಿಯರ ಸಾವು ಅದೇ ವಯಸ್ಸಿನ ಅವಿವಾಹಿತೆಯರಿಗಿಂತ ಹೆಚ್ಚಾಗಿತ್ತು, ಮತ್ತು 1897ರ ಆತ್ಮಹತ್ಯೆಯ ಅಧ್ಯಯನದಲ್ಲಿ ಎಮಿಲ್ ಡರ್ಕೈಮ್ ಕೂಡ ತೀರ ಎಳೆಯ ವಯಸ್ಸಿನ ಮದುವೆ ರಕ್ಷಣೆಯಾಗುವ ಬದಲು ಅಪಾಯವಾಗುತ್ತದೆಂದು ಬರೆದಿದ್ದ. ಮದುವೆ ಒಳಿತೆಂಬ ತೀರ್ಮಾನ ಲೋಕವೆಲ್ಲ ಹಬ್ಬಿತು. ಯಾವ ಪ್ರಾಯದಲ್ಲಿ, ಯಾರಿಗೆ ಎಂಬ ಷರತ್ತು ಹಿಂದೆಯೇ ಉಳಿಯಿತು. ಅದನ್ನು ಮತ್ತೆ ಮುಂದಕ್ಕೆ ತಂದವರು ಅಮೆರಿಕದ ಸಂಶೋಧಕರು. 1973ರಲ್ಲಿ ವಾಲ್ಟರ್ ಗೋವ್ ಮದುವೆಯ ಲಾಭ ಗಂಡಸರಿಗೇ ಹೆಚ್ಚೆಂದು ತೋರಿಸಿದರೆ, 2001ರಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಟಾಮರಾ ನ್ಯೂಟನ್, ದಾಂಪತ್ಯದ ಕಲಹ ರಕ್ತದೊತ್ತಡ, ಹಾರ್ಮೋನು, ರೋಗನಿರೋಧಕ ಶಕ್ತಿಗಳ ಮೂಲಕ ಹೆಂಗಸಿನ ಮೈಗೆ ಹೆಚ್ಚು ಇಳಿಯುತ್ತದೆಂದು ವಿವರಿಸಿದರು.

ಮೈಸೂರಿನ ಪರಂಪರೆ ಆರಂಭವಾದದ್ದೇ ಪ್ರಾಯದ ಪ್ರಶ್ನೆಯಿಂದ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನನ್ನು ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ ತಂದಿತ್ತು. ಎಂಟು ಎಂಬ ಆ ಅಂಕಿ ಆ ಕಾಲದ ವಾಸ್ತವಕ್ಕೆ ತಾನೇ ಸಾಕ್ಷಿ. 1942ರಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಮೈಸೂರಿನ ಮದುವೆ ಮತ್ತು ಕುಟುಂಬ ಕುರಿತ ಪುಸ್ತಕ ಬಂತು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ 1951–52ರಲ್ಲಿ ಬೆಂಗಳೂರು ನಗರವನ್ನೂ ಮೈಸೂರು ರಾಜ್ಯದ ಗ್ರಾಮಾಂತರವನ್ನೂ ಸೇರಿಸಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಪ್ರಕಟವಾಗಿ, ಮದುವೆಯ ವಯಸ್ಸು, ಹೆರಿಗೆ, ಮಕ್ಕಳ ಸಾವುಗಳನ್ನು ಒಟ್ಟಿಗೆ ಇಟ್ಟು ನೋಡುವ ಮಾದರಿಯನ್ನು ಒದಗಿಸಿತು. ಇವೆಲ್ಲಕ್ಕಿಂತ ಹೆಚ್ಚು ಒಳನೋಟ ಕೊಟ್ಟದ್ದು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿ ಅವರು ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳ ಜೊತೆಗೂಡಿ ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿದ ಕ್ಷೇತ್ರಕಾರ್ಯ. 1983ರ ಅವರ ಲೇಖನದ ಪ್ರಕಾರ ಹೆಣ್ಣಿನ ಮದುವೆಯ ವಯಸ್ಸು ಏರಿದ್ದು ಕಾನೂನಿನ ಭಯದಿಂದಲ್ಲ: ಗಂಡಿನ ಕಡೆಯವರು ತೆರ ಕೊಡುವ ಪದ್ಧತಿ ಹೋಗಿ ವರದಕ್ಷಿಣೆ ಬಂದದ್ದು, ಓದಿ ಪಟ್ಟಣದ ಕೆಲಸ ಹಿಡಿದ ವರರ ಬೇಡಿಕೆ ಹೆಚ್ಚಿದ್ದು, ಜನಸಂಖ್ಯೆ ಬೆಳೆದಂತೆ ಹಿರಿಯ ವಯಸ್ಸಿನ ಗಂಡುಗಳಿಗಿಂತ ಕಿರಿಯ ವಯಸ್ಸಿನ ಹೆಣ್ಣುಗಳೇ ಹೆಚ್ಚಾಗಿ ಕಂಡದ್ದು ಇದಕ್ಕೆ ಕಾರಣ. ಎಂದರೆ ಮದುವೆ ತಡವಾದದ್ದು ಹೆಣ್ಣಿನ ಇಚ್ಛೆಯಿಂದಲ್ಲ, ವರದಕ್ಷಿಣೆಯ ಹಣ ಹೊಂದಿಸಲು ಹಿಡಿದ ಕಾಲದಿಂದ. ಇಂದಿಗೂ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬರುವ ಅನೇಕ ಹುಡುಗಿಯರ ದುಡಿಮೆಗೆ ಇದೇ ಕಾಲಾವಕಾಶ ಆಧಾರವಾಗಿರುವುದರಿಂದ, ಆ ಲೇಖನವನ್ನು ಹಳತೆಂದು ಬದಿಗಿಡುವಂತಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992–93ರಲ್ಲಿ ಶುರುವಾದಾಗ ಅಂಕಿಗಳು ಹೇರಳವಾದವು, ಆದರೆ ಪ್ರಶ್ನೆಗಳು ಕಿರಿದಾದವು. ಮೊದಲ ಎರಡು ಸುತ್ತುಗಳು ಮದುವೆಯಾದ ಹೆಂಗಸರನ್ನು ಮಾತ್ರ ಮಾತನಾಡಿಸಿದವು. ಅವಿವಾಹಿತ ಯುವತಿಗೆ ಆರೋಗ್ಯವೆಂಬುದಿದೆ ಎಂಬುದನ್ನು ಸಮೀಕ್ಷೆ ಒಪ್ಪಿಕೊಂಡದ್ದು 2005–06ರ ಮೂರನೇ ಸುತ್ತಿನಲ್ಲಿ. ಯುವಜನರ ಬಗ್ಗೆಯೇ 2006–07ರಲ್ಲಿ ನಡೆದ ದೊಡ್ಡ ಅಧ್ಯಯನ ಆರು ರಾಜ್ಯಗಳಿಗೆ ಸೀಮಿತವಾಗಿತ್ತು, ಅವುಗಳಲ್ಲಿ ಕರ್ನಾಟಕ ಇರಲಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಐದನೇ ಸುತ್ತಿನ ಪ್ರಕಾರ ರಾಜ್ಯದಲ್ಲಿ 20–24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಮದುವೆಯಾದ 18–49ರ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು, ವಿವಾಹಿತೆಯರಲ್ಲಿ ಶೇ. 57.4ರಷ್ಟು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಜನರ ಮಾತಿನಲ್ಲಿ ಹೇಳುವ ಆಪರೇಷನ್, ಆಗಿತ್ತು. ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಿದರೆ ಒಂದೇ ರಸ್ತೆಯ ಎರಡು ಬದಿಯಲ್ಲಿ ಎರಡು ಯೌವನಗಳಿರುವುದು ತಿಳಿಯುತ್ತದೆ: ಬೊಮ್ಮಸಂದ್ರದ ಟೈಲರ್ ಇಪ್ಪತ್ತೇಳಕ್ಕೆ ಮದುವೆ, ಎರಡು ಹೆರಿಗೆ, ಆಪರೇಷನ್ ಎಲ್ಲವನ್ನೂ ಮುಗಿಸಿರಬಹುದು; ಅದೇ ಪ್ರಾಯದ ಸಾಫ್ಟ್‌ವೇರ್ ಎಂಜಿನಿಯರ್ ಪಿಜಿಯೊಂದರಲ್ಲಿದ್ದು, ಮದುವೆ ಯಾವಾಗ ಎಂಬ ಮನೆಯವರ ಪ್ರಶ್ನೆಗೆ ಉತ್ತರ ಹುಡುಕುತ್ತಿರಬಹುದು.

ಬೆಂಗಳೂರಿನಲ್ಲಿಯೇ ನಡೆದ ಅಧ್ಯಯನಗಳಲ್ಲಿ ಬಹಳ ಗಮನ ಕೊಡಬೇಕಾದದ್ದು ಸುನೀತಾ ಕೃಷ್ಣನ್ ಮತ್ತು ಸಂಗಡಿಗರ ಸಮತಾ ಆರೋಗ್ಯ ಅಧ್ಯಯನ. 2005–06ರಲ್ಲಿ ನಗರದ ಬಡ ಬಡಾವಣೆಗಳ 16ರಿಂದ 25 ವಯಸ್ಸಿನ 744 ವಿವಾಹಿತೆಯರನ್ನು ಆರಿಸಿಕೊಂಡು, ಒಮ್ಮೆ ಕೇಳಿ ಬಿಡುವ ಬದಲು ಮತ್ತೆ ಮತ್ತೆ ಭೇಟಿಯಾಗಿ ಅವರ ಬದುಕಿನ ಬದಲಾವಣೆಗಳನ್ನು ದಾಖಲಿಸಿದ್ದು ಇದರ ವೈಶಿಷ್ಟ್ಯ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶೇ. 56ರಷ್ಟು ಮಂದಿ ಎಂದಾದರೂ ದೈಹಿಕ ಹಿಂಸೆಗೆ ಒಳಗಾಗಿದ್ದರು. ಮದುವೆಯ ನಂತರವೂ ವರದಕ್ಷಿಣೆ ಕೇಳಿಸಿಕೊಂಡವರಲ್ಲಿ ಹಿಂಸೆ ಹೆಚ್ಚಿದ್ದುದು ನಿರೀಕ್ಷಿತವೇ. ಆದರೆ ತಾವೇ ಮೆಚ್ಚಿ ಮದುವೆಯಾದವರಲ್ಲಿ, ಸಂಘಗಳಿಗೆ ಹೋಗುವವರಲ್ಲಿ, ವೃತ್ತಿತರಬೇತಿ ಪಡೆದವರಲ್ಲಿಯೂ ಅದು ಹೆಚ್ಚಾಗಿತ್ತು. 2010ರ ಮುಂದಿನ ಲೇಖನ ಇನ್ನೂ ನಿಖರವಾದದ್ದು: ಒಂದು ಭೇಟಿಯಲ್ಲಿ ಕೆಲಸವಿಲ್ಲದೆ ಇದ್ದು ಮುಂದಿನ ಭೇಟಿಯ ವೇಳೆಗೆ ಕೆಲಸಕ್ಕೆ ಸೇರಿದ್ದ ಹೆಂಗಸು, ಕೆಲಸವಿಲ್ಲದೆಯೇ ಉಳಿದವಳಿಗೆ ಹೋಲಿಸಿದರೆ ಹಿಂಸೆಗೆ ಒಳಗಾಗುವ ಸಂಭವ ಸುಮಾರು 1.8 ಪಟ್ಟು, ಗಂಡನ ನೆಲೆಯಾದ ಕೆಲಸಕ್ಕೆ ತೊಂದರೆ ಬಂದಾಗ 1.7 ಪಟ್ಟು. ಸಂಬಳ ಕೈಗೆ ಬಂದರೆ ಹೆಣ್ಣಿನ ಆರೋಗ್ಯ ತಾನಾಗಿ ಸುಧಾರಿಸುತ್ತದೆ ಎಂಬ ಸರಳ ನಂಬಿಕೆಯನ್ನು ಇದು ಅಲುಗಿಸಿತು. ಇದರಿಂದ ಹೆಣ್ಣು ದುಡಿಯಬಾರದೆಂಬ ಅರ್ಥ ಹೊರಡಿಸುವುದು ಅನ್ಯಾಯ. ಮನೆಯೊಳಗಿನ ಅಧಿಕಾರ ಹಾಗೇ ಉಳಿದು ದುಡಿಮೆ ಮಾತ್ರ ಬದಲಾದಾಗ ಆ ಬದಲಾವಣೆಯ ಏಟು ಅವಳ ಮೈಮೇಲೆಯೇ ಬೀಳುತ್ತದೆ ಎಂಬುದಷ್ಟೇ ಅದರ ಪಾಠ, ಮತ್ತು ಆ ಪಾಠವನ್ನು ಕೌಶಲ ತರಬೇತಿಯ ಯೋಜನೆಗಳು ಗಂಭೀರವಾಗಿ ಎತ್ತಿಕೊಳ್ಳಬೇಕು.

ಸಾವಿನ ಅಂಕಿಗಳೂ ಇದಕ್ಕೆ ಹೊಂದುತ್ತವೆ. ಡರ್ಕೈಮ್‌ನ ಯುರೋಪಿನಲ್ಲಿ ಸಂಸಾರವು ಆತ್ಮಹತ್ಯೆಗೆ ತಡೆಯಾಗಿದ್ದರೆ, ಭಾರತದ ಬಗ್ಗೆ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತ್ಮಹತ್ಯೆಗೆ ಬಲಿಯಾದ ಹೆಂಗಸರ ನಡುವಣ ವಯಸ್ಸು ಕೇವಲ 25, ಮತ್ತು ವಿಧವೆಯರು ಹಾಗೂ ವಿಚ್ಛೇದಿತೆಯರ ಅಪಾಯ ವಿವಾಹಿತೆಯರಿಗಿಂತ ತುಸು ಕಡಿಮೆ. ಎಳೆಯ ಸೊಸೆಯಂದಿರ ಅಸಹಜ ಸಾವುಗಳನ್ನು ಅಡುಗೆಮನೆಯ ಅಪಘಾತವೆಂದು ಮುಚ್ಚಿಹಾಕಬಾರದೆಂದು ಬೆಂಗಳೂರಿನ ಮಹಿಳಾ ಸಂಘಟನೆ ವಿಮೋಚನಾ ಈ ಅಂಕಿಗಳಿಗಿಂತ ಬಹಳ ಮೊದಲೇ ದನಿಯೆತ್ತಿತ್ತು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಐಟಿ ವಲಯದ ಅಧ್ಯಯನ ಬೇರೆ ದಾರಿಯಿಂದ ಬಂತು. ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ ಎರಡು ದಶಕಗಳ ನಂತರ ಉದ್ಯಮ ಬೆಳೆದಾಗ, ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಅವರ 2006ರ ವರದಿ ದೀರ್ಘ ದುಡಿಮೆಯ ವೇಳೆ, ಒತ್ತಡ, ಕುಟುಂಬಕ್ಕೆ ಸಿಗದ ಸಮಯಗಳನ್ನು ಚರ್ಚಿಸಿತು. ಇಪ್ಪತ್ತರ ಹರೆಯವನ್ನು ಹುಡುಕಾಟದ ಪ್ರತ್ಯೇಕ ಘಟ್ಟವೆಂದು 2000ದಲ್ಲಿ ಜೆಫ್ರಿ ಆರ್ನೆಟ್ ಹೆಸರಿಸಿದ್ದ ಕಲ್ಪನೆ ಇಲ್ಲಿಗೆ ಅರ್ಧ ಮಾತ್ರ ಒಗ್ಗುತ್ತದೆ. ಸಂಬಳ ಸ್ವತಂತ್ರವಾದರೂ ಜಾತಕ, ಜಾತಿ, ತಂಗಿಯ ಮದುವೆಯ ಹೊಣೆ ಊರಿನ ಮನೆಯಲ್ಲಿಯೇ ಉಳಿದಿರುತ್ತವೆ.

ಗಾರ್ಮೆಂಟ್ಸ್ ವಲಯದಲ್ಲಿ ಆ ಹೊಣೆ ಎಷ್ಟು ಭಾರವೆಂಬುದನ್ನು 2016ರ ಏಪ್ರಿಲ್ ತೋರಿಸಿತು. ಮಾಲೀಕರ ಪಾಲಿನ ಭವಿಷ್ಯನಿಧಿ (ಪಿಎಫ್) ಹಣವನ್ನು 58 ವರ್ಷದ ತನಕ ತೆಗೆಯುವಂತಿಲ್ಲವೆಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಕಾರ್ಮಿಕರು, ಬಹುಪಾಲು ಹೆಂಗಸರು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. 19ರಂದು ನಿಯಮ ಹಿಂದಕ್ಕೆ ಹೋಯಿತು. ವೃದ್ಧಾಪ್ಯಕ್ಕೆಂದು ಕೂಡಿಡುವ ಆ ಹಣ ಅವರ ಬದುಕಿನಲ್ಲಿ ಮದುವೆಗೆ, ಹೆರಿಗೆಗೆ, ಮಕ್ಕಳ ಫೀಸಿಗೆ ಒದಗುವ ಹಣ.

ಆರೋಗ್ಯ ಸಮೀಕ್ಷೆಗಳು ಇಂದಿಗೂ ಮನೆಗಳನ್ನು ಎಣಿಸುತ್ತವೆಯೇ ಹೊರತು ಹಾಸ್ಟೆಲುಗಳನ್ನಲ್ಲ. ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಕಾರ್ಖಾನೆಯ ಹಾಸ್ಟೆಲಿನಲ್ಲಿರುವ ಹುಡುಗಿ, ಹತ್ತು ಮಂದಿಯ ಪಿಜಿಯಲ್ಲಿರುವ ಉತ್ತರ ಕರ್ನಾಟಕದ ಹುಡುಗ, ಸಮೀಕ್ಷೆಯವರ ಪಟ್ಟಿಗೆ ಸುಲಭವಾಗಿ ಸಿಗುವವರಲ್ಲ. ಸಿಕ್ಕಿದರೂ ಮದುವೆಯಾಗಿದೆಯೇ ಇಲ್ಲವೇ ಎಂಬ ಒಂದು ಕಾಲಂ ಸಾಲದೆಂದು ಫಾರ್‌ನಿಂದ ಸಮತಾದವರೆಗಿನ ಒಂದೂವರೆ ಶತಮಾನದ ಅಧ್ಯಯನ ಸಾಧಿಸಿ ತೋರಿಸಿದೆ. ಮೊದಲ ಸಂಬಳ ಎಷ್ಟನೇ ವಯಸ್ಸಿಗೆ, ಅದನ್ನು ಕೈಯಲ್ಲಿ ಇಟ್ಟುಕೊಳ್ಳುವವರು ಯಾರು, ಮದುವೆ ಯಾರ ತೀರ್ಮಾನ, ಕಷ್ಟ ಬಂದರೆ ಹಿಂತಿರುಗಲು ಮನೆ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಪೀಣ್ಯ ಮತ್ತು ಬೊಮ್ಮಸಂದ್ರದ ಇಎಸ್‌ಐ ದವಾಖಾನೆಗಳ ಹೊರರೋಗಿ ಚೀಟಿಯ ಜೊತೆಗೆ, ಗುಟ್ಟು ಕಾಯುವ ಭರವಸೆಯೊಂದಿಗೆ, ಕೇಳಲು ಆರಂಭಿಸಬೇಕು.