ಮಿಣುಕು ದೀಪದ ಕಂಪ್ಯೂಟರು

ಟಿವಿಯಲ್ಲಿ ವಿಜ್ಞಾನಿಯ ಕಂಪ್ಯೂಟರು ಸುಮ್ಮನಿರುವುದೇ ಇಲ್ಲ. ದೀಪ ಮಿಣುಕುತ್ತಿರಬೇಕು, ಬೀಪ್ ಬೀಪ್ ಎನ್ನುತ್ತಿರಬೇಕು, ಬಿಳಿಕೋಟಿನವರು ನಾಲ್ಕು ಕೀಲಿ ಒತ್ತುವಷ್ಟರಲ್ಲಿ ಉತ್ತರ ದಪ್ಪಕ್ಷರದಲ್ಲಿ ಮೂಡಬೇಕು.

ಮೈಸೂರಿನ ರಾಜೀವನಗರದ ಮನೆಗಳಲ್ಲಿ ಕೂತು ಇದನ್ನು ನೋಡುವವರಿಗೆ ನಿಜವಾದ ಪ್ರಯೋಗಾಲಯವೇನೂ ದೂರವಿಲ್ಲ. ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ಇದೇ ಊರಿನ ಚೆಲುವಾಂಬ ಮಹಲಿನಲ್ಲಿದೆ. ಇಂಥ ಪ್ರಯೋಗಾಲಯದಲ್ಲಿ ಆಹಾರದೊಳಗಿನ ಕೀಟನಾಶಕದ ಉಳಿಕೆ ಪತ್ತೆಹಚ್ಚುವುದು ಕ್ರೊಮ್ಯಾಟೊಗ್ರಫಿ ಯಂತ್ರ. ಇಂಥ ಯಂತ್ರದ ಪಕ್ಕದ ಕಂಪ್ಯೂಟರಿಗೂ ಬ್ಯಾಂಕಿನ ಕೌಂಟರಿನದಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತೆವಳುತ್ತದೆ, ಅಲ್ಲಲ್ಲಿ ಚೂಪಾಗಿ ಏರಿ ಇಳಿಯುತ್ತದೆ. ಒಂದು ಸ್ಯಾಂಪಲ್ ಮುಗಿಯಲು ಎಷ್ಟೋ ನಿಮಿಷ, ಆಮೇಲೆ ಮುಂದಿನದು. ದುಬಾರಿ ಯಂತ್ರದ ಸಾಫ್ಟ್‌ವೇರ್ ಹಳೆಯ ವಿಂಡೋಸ್‌ನಲ್ಲಿ ಮಾತ್ರ ಓಡುವುದಾದರೆ, ಆ ಹಳೆಯ ಕಂಪ್ಯೂಟರನ್ನು ಯಾರೂ ಕದಲಿಸುವುದಿಲ್ಲ.

ಹಾಗಾದರೆ ಆ ದೀಪಗಳು ಎಲ್ಲಿಂದ ಬಂದವು?

ಅವೂ ಒಂದು ಕಾಲಕ್ಕೆ ನಿಜವೇ ಆಗಿದ್ದವು. 1950ರ ದಶಕದಲ್ಲಿ ಅಮೆರಿಕದ ವಾಯುಪಡೆಗಾಗಿ ಐಬಿಎಂ ಕಟ್ಟಿದ ಎಎನ್/ಎಫ್‌ಎಸ್‌ಕ್ಯೂ-7 ಕಂಪ್ಯೂಟರಿನ ತೂಕ ಸುಮಾರು 250 ಟನ್. ಯಂತ್ರದೊಳಗೆ ಯಾವ ಅಂಕಿ ಎಲ್ಲಿದೆ ಎಂಬುದನ್ನು ಎಂಜಿನಿಯರುಗಳು ಆ ದೀಪಗಳಿಂದಲೇ ತಿಳಿಯುತ್ತಿದ್ದರು, ದೋಷ ಹಿಡಿಯಲೂ ಅವು ನೆರವಾಗುತ್ತಿದ್ದವು. ಸೇವೆಯಿಂದ ತೆಗೆದುಹಾಕಿದ ಈ ಯಂತ್ರಗಳ ಫಲಕಗಳು ಹಾಲಿವುಡ್ ಸೇರಿ ‘ದಿ ಟೈಮ್ ಟನಲ್’ನಂಥ ಧಾರಾವಾಹಿಗಳಲ್ಲಿ ನಟಿಸಿದವು. 1966ರ ‘ಬ್ಯಾಟ್‌ಮ್ಯಾನ್’ನ ಗುಹೆಯಲ್ಲಿದ್ದದ್ದು ಬರೋಸ್ ಕಂಪನಿಯ ಅಸಲಿ ಕಂಪ್ಯೂಟರು. ಪ್ರಯೋಗಾಲಯಗಳು ದೀಪದ ಕಾಲವನ್ನು ದಾಟಿ ಹೋದವು, ಟಿವಿ ಮಾತ್ರ ಅಲ್ಲೇ ಉಳಿಯಿತು.

ಬೆಂಗಳೂರಿನ ದಾರಿಯೇ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360 ಇದ್ದ ದಿನಗಳಲ್ಲಿ ಲೆಕ್ಕವನ್ನು 80 ಕಾಲಮ್ಮಿನ ಪಂಚ್ ಕಾರ್ಡುಗಳಲ್ಲಿ ತೂತು ಹೊಡೆದು ಕೊಡಬೇಕಿತ್ತು. ಒಂದು ಕಾರ್ಡು ತಪ್ಪಿದರೂ ಮತ್ತೆ ಸರತಿ. ಅಮೆರಿಕದಿಂದ ಸೂಪರ್ ಕಂಪ್ಯೂಟರ್ ತರಿಸುವುದು ಕಷ್ಟವಿದ್ದಾಗ, 1986ರಲ್ಲಿ ಇಲ್ಲಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ವಿಜ್ಞಾನಿಗಳು ಸಣ್ಣ ಪ್ರೊಸೆಸರ್‌ಗಳನ್ನೇ ಜೋಡಿಸಿ ‘ಫ್ಲೋಸಾಲ್ವರ್’ ಕಟ್ಟಿದರು. ಗಾಳಿಯ ಹರಿವಿನ ಸಮೀಕರಣ ಬಿಡಿಸಲೆಂದು ಹುಟ್ಟಿದ ಅದು ಮುಂದೆ ಮಳೆಯ ಮುನ್ಸೂಚನೆಯ ಲೆಕ್ಕಕ್ಕೂ ಒದಗಿತು. ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಂದ ಸೂಪರ್ ಕಂಪ್ಯೂಟರ್ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅದರಲ್ಲಿ ಕೆಲಸ ಮಾಡುವ ಸಂಶೋಧಕ ಅದರ ಮುಂದೆ ಕೂರಬೇಕೆಂದೇನಿಲ್ಲ. ತನ್ನ ಲ್ಯಾಪ್‌ಟಾಪಿನಿಂದ ಲಾಗಿನ್ ಆಗಿ, ಬರೀ ಅಕ್ಷರಗಳ ಪರದೆಯಲ್ಲಿ ಕಮಾಂಡ್ ಟೈಪಿಸಿ, ಲೆಕ್ಕವನ್ನು ಸರತಿಗೆ ಹಚ್ಚಿ ಕಾಯುತ್ತಾನೆ. ಪಂಚ್ ಕಾರ್ಡು ಹೋಯಿತು, ಸರತಿ ಹೋಗಲಿಲ್ಲ.

ವಿಜ್ಞಾನಿಗಳ ಕಂಪ್ಯೂಟರು ಇದ್ದಂತೆಯೇ ಟಿವಿಯಲ್ಲಿ ಕಂಡದ್ದು 2023ರ ಆಗಸ್ಟ್ 23ರ ಸಂಜೆ. ಚಂದ್ರಯಾನ-3 ಇಳಿಯುವುದನ್ನು ದೇಶವೇ ನೋಡುತ್ತಿತ್ತು. ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದ ಸಾಲು ಸಾಲು ಮಾನಿಟರುಗಳಲ್ಲಿ ಇದ್ದದ್ದು ಎತ್ತರ, ವೇಗ, ಒಂದು ಬಾಗಿದ ಗೆರೆ. 6 ಗಂಟೆ 4 ನಿಮಿಷಕ್ಕೆ ಲ್ಯಾಂಡರ್ ವಿಕ್ರಮ್ ಚಂದ್ರನ ನೆಲ ಮುಟ್ಟಿತು. ಕೊನೆಯ ಸುಮಾರು 19 ನಿಮಿಷ ಅದನ್ನು ನಡೆಸಿದ್ದು ಅದರೊಳಗಿನ ಕಂಪ್ಯೂಟರು. ಬೆಂಗಳೂರಿನಲ್ಲಿ ಕೂತವರಿಗೆ ಒತ್ತಲು ಯಾವ ಗುಂಡಿಯೂ ಇರಲಿಲ್ಲ.