ಶಿಥಿಲಗೊಳ್ಳುತ್ತಿರುವ ವಸತಿ ಸಮುಚ್ಚಯಗಳು: ನಿವಾಸಿಗಳ ಹಕ್ಕು, ಹೊಣೆ ಮತ್ತು ದೂರು ಸಲ್ಲಿಸುವ ವಿಧಾನ

ವಸತಿ ಸಮುಚ್ಚಯದಲ್ಲಿ ಮನೆಯೊಂದನ್ನು ಖರೀದಿಸಿದವರು ತಮ್ಮ ಬಾಗಿಲಿನ ಒಳಗಿನ ಭಾಗಕ್ಕೆ ಮಾತ್ರ ಮಾಲೀಕರೆಂದು ಭಾವಿಸುವುದು ಸಾಮಾನ್ಯ. ಇದು ಸರಿಯಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಪ್ರಕಾರ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ತಾರಸಿ, ಮೆಟ್ಟಿಲು, ಓಣಿ, ಲಿಫ್ಟ್, ನೀರಿನ ತೊಟ್ಟಿ, ಪಂಪು ಮುಂತಾದವು ಸಾಮಾನ್ಯ ಪ್ರದೇಶ ಹಾಗೂ ಸೌಲಭ್ಯಗಳಾಗಿದ್ದು, ಅವುಗಳಲ್ಲಿ ಪ್ರತಿಯೊಬ್ಬ ಮಾಲೀಕರಿಗೂ ವಿಭಜಿಸಲಾಗದ ಪಾಲು ಇರುತ್ತದೆ. ಆದುದರಿಂದ ತಾರಸಿ ಸೋರುವುದು ಕೊನೆಯ ಮಹಡಿಯವರ ತೊಂದರೆ ಮಾತ್ರವಲ್ಲ. ನೆಲಮಹಡಿಯಲ್ಲಿ ವಾಸಿಸುವವರ ಆಸ್ತಿಯೂ ಅದರೊಂದಿಗೆ ಹಾಳಾಗುತ್ತಿರುತ್ತದೆ.

ದುರಸ್ತಿ ಆಗದೇ ಉಳಿದಾಗ ನಿವಾಸಿಗಳು ಸಂಘದ ಮೇಲೆ, ಸಂಘವು ನಿರ್ಮಾಣದಾರರ ಮೇಲೆ, ನಿರ್ಮಾಣದಾರರು ಮತ್ತೆ ಸಂಘದ ಮೇಲೆ ಹೊಣೆ ಹೊರಿಸುವುದು ಕಂಡುಬರುತ್ತದೆ. ದೂರು ತಪ್ಪು ಕಚೇರಿಗೆ ಸಲ್ಲಿಕೆಯಾದಲ್ಲಿ ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ವರ್ಗವಾಗುವುದರಲ್ಲಿಯೇ ಕಾಲ ಕಳೆಯುತ್ತದೆ. ಕಾನೂನಿನ ಅವಧಿಯು ಮಾತ್ರ ಯಾರಿಗೂ ಕಾಯುವುದಿಲ್ಲವಾದ್ದರಿಂದ, ಅರ್ಜಿ ಬರೆಯುವ ಮುನ್ನ ಹೊಣೆ ಯಾರದೆಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ.

ಹೊಣೆ ಯಾರದು?

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ 14(3)ನೇ ಪ್ರಕರಣದ ಮೇರೆಗೆ, ಮನೆಯ ಸ್ವಾಧೀನ ನೀಡಿದ ದಿನಾಂಕದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ, ಕಾಮಗಾರಿಯಲ್ಲಿ, ಗುಣಮಟ್ಟದಲ್ಲಿ ಅಥವಾ ಒದಗಿಸಿದ ಸೇವೆಗಳಲ್ಲಿ ದೋಷ ಕಂಡುಬಂದು ಅದನ್ನು ಪ್ರವರ್ತಕರ, ಅಂದರೆ ನಿರ್ಮಾಣದಾರರ, ಗಮನಕ್ಕೆ ತಂದಲ್ಲಿ, ಅವರು 30 ದಿನಗಳೊಳಗೆ ಯಾವುದೇ ಹೆಚ್ಚುವರಿ ಶುಲ್ಕವಿಲ್ಲದೆ ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಖರೀದಿದಾರರು ಪರಿಹಾರಕ್ಕೆ ಅರ್ಹರಾಗುತ್ತಾರೆ. ಇಲ್ಲಿ ಗಮನಿಸಬೇಕಾದುದು, ದೋಷವನ್ನು ತಿಳಿಸಿದ್ದಕ್ಕೆ ದಾಖಲೆ ಇರಬೇಕೆಂಬುದು. ನಿರ್ವಹಣಾ ಸಿಬ್ಬಂದಿಗೆ ದೂರವಾಣಿಯಲ್ಲಿ ಹೇಳಿದ್ದು, ಕಾವಲುಗಾರರ ಪುಸ್ತಕದಲ್ಲಿ ಬರೆಸಿದ್ದು ಸಾಕಾಗುವುದಿಲ್ಲ. ನಿರ್ಮಾಣದಾರರ ನೋಂದಾಯಿತ ವಿಳಾಸಕ್ಕೆ ಸ್ವೀಕೃತಿಯುಳ್ಳ ಅಂಚೆಯ ಮೂಲಕ ಪತ್ರ ಕಳುಹಿಸುವುದು ಸೂಕ್ತ. ನಾಲ್ಕೂವರೆ ವರ್ಷ ಸಹಿಸಿಕೊಂಡು ಬಳಿಕ ಕಾಗದಪತ್ರ ಹುಡುಕುವುದಕ್ಕಿಂತ ಮೊದಲ ಮಳೆಗಾಲದಲ್ಲಿಯೇ ಒಂದು ಪತ್ರ ಬರೆದಿಡುವುದು ಲೇಸು.

ನಿವಾಸಿಗಳ ಸಂಘವು ನಿರ್ವಹಣೆಯನ್ನು ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನ್ಯಾಯಯುತ ಶುಲ್ಕದ ಮೇಲೆ ಒದಗಿಸಿ ನಿರ್ವಹಿಸುವುದು ಸಹ ನಿರ್ಮಾಣದಾರರ ಕರ್ತವ್ಯವಾಗಿರುತ್ತದೆ. ಅನಂತರದ ದೈನಂದಿನ ನಿರ್ವಹಣೆ ಸಂಘದ್ದು. ಆದರೆ ಸಂಘ ರಚನೆಯಾದ ಮಾತ್ರಕ್ಕೆ ಮೇಲೆ ಹೇಳಿದ 5 ವರ್ಷಗಳ ಹೊಣೆ ಕಳಚಿಹೋಗುವುದಿಲ್ಲ. ಹಸ್ತಾಂತರದ ಸಮಯದಲ್ಲಿ ಮಂಜೂರಾದ ನಕ್ಷೆ, ಕೊಳವೆ ಹಾಗೂ ವಿದ್ಯುತ್ ಮಾರ್ಗಗಳ ನಕ್ಷೆ, ಲಿಫ್ಟ್ ಪರವಾನಗಿ ಮತ್ತು ಯಂತ್ರಗಳ ಖಾತರಿ ಪತ್ರಗಳನ್ನು ಸಂಘವು ಕೇಳಿ ಪಡೆಯತಕ್ಕದ್ದು. ಇವಿಲ್ಲದೆ ಮುಂದೆ ಕೊಳವೆ ಎಲ್ಲಿ ಹಾದುಹೋಗಿದೆ ಎಂದು ತಿಳಿಯಲು ಗೋಡೆ ಒಡೆಯಬೇಕಾಗುತ್ತದೆ.

500 ಚದರ ಮೀಟರ್ ಮೀರದ ಭೂಮಿಯಲ್ಲಿನ ಅಥವಾ 8 ಮನೆಗಳನ್ನು ಮೀರದ ಯೋಜನೆಗಳಿಗೆ ಸದರಿ 2016ರ ಅಧಿನಿಯಮದಡಿ ನೋಂದಣಿ ಕಡ್ಡಾಯವಲ್ಲ. ಅಂತಹ ಸಣ್ಣ ಕಟ್ಟಡಗಳ ಖರೀದಿದಾರರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು. ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು.

ಕಟ್ಟಡ ನೀಡುವ ಮುನ್ಸೂಚನೆ

ತೇವವನ್ನು ಅಂದಗೇಡೆಂದು ಮಾತ್ರ ಪರಿಗಣಿಸುವುದು ದೊಡ್ಡ ತಪ್ಪು. ಕಾಂಕ್ರೀಟಿನೊಳಗೆ ನೀರು ಇಳಿದು ಕಬ್ಬಿಣದ ಸರಳನ್ನು ತಲುಪಿದಾಗ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಹೊರಗಿನ ಕಾಂಕ್ರೀಟು ಉಬ್ಬಿ, ಬಿರುಕುಬಿಟ್ಟು, ಚಕ್ಕೆಯಾಗಿ ಉದುರುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು ಒಳಸೇರುತ್ತದೆ. ಇಂತಹ ಛಾವಣಿಗೆ ಗಾರೆ ಮೆತ್ತಿ ಬಣ್ಣ ಬಳಿದರೆ ಲಕ್ಷಣವು ಮರೆಯಾಗುತ್ತದೆಯೇ ಹೊರತು ದೋಷವು ನಿವಾರಣೆಯಾಗುವುದಿಲ್ಲ. ವಾಹನ ನಿಲುಗಡೆಯ ನೆಲಮಾಳಿಗೆಯಲ್ಲಿ ಕಂಬಗಳ ಬುಡವನ್ನು ಆಗಾಗ್ಗೆ ಪರಿಶೀಲಿಸಬೇಕು. ಅಲ್ಲಿ ಯಾರೂ ವಾಸಿಸದ ಕಾರಣ ಯಾರೂ ನೋಡುವುದಿಲ್ಲ.

ಬಿರುಕು ಕಂಡಲ್ಲಿ ಅದರ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆದಿಡಿ. ಕೆಲವು ವಾರಗಳ ಬಳಿಕ ಬಿರುಕು ಗೆರೆಯನ್ನು ದಾಟಿದ್ದಲ್ಲಿ, ಅಥವಾ ಅದು ಕಂಬ ಇಲ್ಲವೇ ತೊಲೆಯ ಮೇಲಿದ್ದಲ್ಲಿ, ರಚನಾ ಇಂಜಿನಿಯರರಿಂದ ತಪಾಸಣೆ ಮಾಡಿಸಿ ಲಿಖಿತ ವರದಿ ಪಡೆಯತಕ್ಕದ್ದು. ಈ ವರದಿಯೇ ಮುಂದೆ ದೂರಿನ ಮುಖ್ಯ ಆಧಾರವಾಗುತ್ತದೆ. ಬಾಗಿಲು ಕಿಟಕಿಗಳು ಒಮ್ಮೆಲೇ ಬಿಗಿಯಾಗುವುದು, ಹೊಸ ಬಿರುಕುಗಳು ಗಂಟೆಗಳಲ್ಲಿ ಅಗಲವಾಗುವುದು, ಕಟ್ಟಡ ವಾಲಿದಂತೆ ಕಾಣುವುದು ಅರ್ಜಿ ಬರೆಯುವ ಸಂದರ್ಭಗಳಲ್ಲ. ಕೂಡಲೇ ಹೊರಬಂದು 112 ಸಂಖ್ಯೆಗೆ ಹಾಗೂ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಅಕ್ಟೋಬರ್ 2021ರಲ್ಲಿ ಬೆಂಗಳೂರಿನ ಕಸ್ತೂರಿನಗರದಲ್ಲಿ ವಸತಿ ಕಟ್ಟಡವೊಂದು ಕುಸಿದಾಗ, ನಿವಾಸಿಗಳು ಮೊದಲೇ ಹೊರಬಂದಿದ್ದ ಕಾರಣ ಜೀವಹಾನಿ ತಪ್ಪಿತು.

ಲಿಫ್ಟ್ ಮತ್ತು ಕೊಳಚೆ ನೀರಿನ ಘಟಕ

ಲಿಫ್ಟುಗಳು ಕರ್ನಾಟಕದ 2012ರ ಲಿಫ್ಟ್ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಹಾಗೂ ತಪಾಸಣೆಯ ವಿಷಯಗಳಿಗೆ ವಿದ್ಯುತ್ ಪರಿವೀಕ್ಷಣಾಲಯವನ್ನು ಸಂಪರ್ಕಿಸಬೇಕು.

ಕೊಳಚೆ ನೀರು ಶುದ್ಧೀಕರಣ ಘಟಕವು ದುರ್ವಾಸನೆ ಬೀರಿದಾಗ, ಕಟ್ಟಿಕೊಂಡಾಗ, ಕಡಿಮೆ ಖರ್ಚಿನಲ್ಲಿ ಮುಗಿಯಲೆಂದು ಕೂಲಿಯವರನ್ನು ಒಳಗೆ ಇಳಿಸುವ ಪ್ರಯತ್ನಗಳು ನಡೆಯುತ್ತವೆ. ಜನವರಿ 2018ರಲ್ಲಿ ಬೆಂಗಳೂರಿನ ವಸತಿ ಸಮುಚ್ಚಯವೊಂದರ ಇಂತಹ ಘಟಕದಲ್ಲಿ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಸುರಕ್ಷತಾ ಸಾಧನಗಳಿಲ್ಲದೆ ಚರಂಡಿ ಅಥವಾ ಮಲಗುಂಡಿಯನ್ನು ಮನುಷ್ಯರಿಂದ ಸ್ವಚ್ಛಗೊಳಿಸುವುದನ್ನು 2013ರ ಮಲಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಅಧಿನಿಯಮವು ನಿಷೇಧಿಸಿದ್ದು, ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಗುತ್ತಿಗೆದಾರರು ಕರೆತಂದರೆಂಬ ಕಾರಣ ನೀಡಿ ಸಂಘದ ಪದಾಧಿಕಾರಿಗಳು ಇದರಿಂದ ನುಣುಚಿಕೊಳ್ಳಬಹುದೆಂದು ತಿಳಿಯಬಾರದು. ಯಂತ್ರಗಳ ಮೂಲಕವೇ ಈ ಕೆಲಸ ಮಾಡಿಸತಕ್ಕದ್ದು. ಘಟಕದಿಂದ ಶುದ್ಧೀಕರಿಸದ ನೀರು ಕೆರೆಗೆ ಅಥವಾ ಮಳೆನೀರಿನ ಕಾಲುವೆಗೆ ಹರಿಯುತ್ತಿದ್ದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ನೀಡಬಹುದು.

ನಿರ್ವಹಣಾ ಶುಲ್ಕವನ್ನು ತಡೆಹಿಡಿಯಬಹುದೇ?

ಕೆಲಸ ಸರಿಯಿಲ್ಲವೆಂದು ಅನೇಕರು ಮಾಸಿಕ ಶುಲ್ಕ ಪಾವತಿಸುವುದನ್ನು ನಿಲ್ಲಿಸುತ್ತಾರೆ. ಅವರ ಅಸಮಾಧಾನಕ್ಕೆ ಕಾರಣವಿರಬಹುದು; ಆದರೆ ಈ ಕ್ರಮವು ಅವರ ದೂರನ್ನೇ ದುರ್ಬಲಗೊಳಿಸುತ್ತದೆ. ಸಾಮಾನ್ಯ ಸೌಲಭ್ಯವನ್ನು ತಾನು ಬಳಸುವುದಿಲ್ಲವೆಂಬ ಕಾರಣದಿಂದ ಯಾವ ಮಾಲೀಕರಿಗೂ ವಂತಿಗೆಯಿಂದ ವಿನಾಯಿತಿ ದೊರೆಯುವುದಿಲ್ಲ. 1972ರ ಅಧಿನಿಯಮದಡಿ ಬಾಕಿ ಹಣವು ಆ ಮನೆಯ ಮೇಲಿನ ಹೊರೆಯಾಗಿ ಉಳಿಯುತ್ತದೆ. ಆದ್ದರಿಂದ ಹಳೆಯ ಮನೆ ಕೊಳ್ಳುವವರು ಸಂಘದಿಂದ ಬಾಕಿ ಇಲ್ಲದ ಪತ್ರ ಪಡೆಯುವುದನ್ನು ಮರೆಯಬಾರದು. ಶುಲ್ಕವನ್ನು ಆಕ್ಷೇಪಣೆಯೊಂದಿಗೆ ಪಾವತಿಸಿ, ಖರ್ಚಿನ ಲೆಕ್ಕವನ್ನು ಲಿಖಿತವಾಗಿ ಕೇಳುವುದು, ಸರ್ವಸದಸ್ಯರ ಸಭೆಯಲ್ಲಿ ವಿಷಯವನ್ನು ಮಂಡಿಸಿ ನಡಾವಳಿಯಲ್ಲಿ ದಾಖಲಿಸುವುದು ಸರಿಯಾದ ಮಾರ್ಗ. ಸಭೆಗೆ ಬಾರದೆ ಮೆಟ್ಟಿಲ ಮೇಲೆ ನಿಂತು ಆಡುವ ಮಾತಿಗೆ ದಾಖಲೆ ಇರುವುದಿಲ್ಲ.

ಅರ್ಜಿದಾರರ ಗಮನಕ್ಕೆ

ನೋಂದಾಯಿತ ಯೋಜನೆಯ ನಿರ್ಮಾಣದಾರರ ವಿರುದ್ಧದ ದೂರನ್ನು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಖರೀದಿದಾರರು ವೈಯಕ್ತಿಕವಾಗಿ ಅಥವಾ ಸಂಘವು ಸಲ್ಲಿಸಬಹುದು. ದೂರಿನೊಂದಿಗೆ ಕ್ರಯಪತ್ರ, ಸ್ವಾಧೀನ ಪಡೆದ ದಿನಾಂಕವನ್ನು ತೋರಿಸುವ ದಾಖಲೆ, ನಿರ್ಮಾಣದಾರರಿಗೆ ಕಳುಹಿಸಿದ ಪತ್ರ ಹಾಗೂ ಅಂಚೆ ಸ್ವೀಕೃತಿ, ದಿನಾಂಕ ನಮೂದಿಸಿದ ಛಾಯಾಚಿತ್ರಗಳು ಮತ್ತು ಇಂಜಿನಿಯರರ ವರದಿಯನ್ನು ಲಗತ್ತಿಸಿಕೊಳ್ಳಿ. ಮಂಜೂರಾದ ನಕ್ಷೆ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರದ ಪ್ರತಿ ದೊರೆಯದಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ನಕ್ಷೆ ಮಂಜೂರು ಮಾಡಿದ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಬಾಡಿಗೆದಾರರು ದೋಷವನ್ನು ಮನೆ ಮಾಲೀಕರಿಗೆ ಲಿಖಿತವಾಗಿ ತಿಳಿಸಿ ಅದರ ಪ್ರತಿಯನ್ನು ಸಂಘಕ್ಕೆ ನೀಡತಕ್ಕದ್ದು. ಮಾಲೀಕರು ಪರ ಊರಿನಲ್ಲಿ ಅಥವಾ ವಿದೇಶದಲ್ಲಿದ್ದಲ್ಲಿ, ಸಭೆಯಲ್ಲಿ ಭಾಗವಹಿಸಲು ಪ್ರತಿನಿಧಿಗೆ ಅವಕಾಶವಿದೆಯೇ ಎಂಬುದನ್ನು ಸಂಘದ ಉಪವಿಧಿಗಳಲ್ಲಿ ನೋಡಿಕೊಂಡು, ಅಧಿಕಾರ ಪತ್ರವನ್ನು ಮುಂಚಿತವಾಗಿ ಕಳುಹಿಸಿಕೊಡಬೇಕು.