ಆಟಿಕೆ ಕಾರಿನ ರೇಸ್: ಮೊಬೈಲ್ ವಿಡಿಯೊ ನೋಡಿ ಗೆದ್ದವರು ಯಾರೆಂದು ಹೇಳಬಹುದೇ?

ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ರಜೆಗೆಂದು ಮಕ್ಕಳ ಮರದ ಕಾರುಗಳ ರೇಸ್ ಇಟ್ಟಿದ್ದರು. ಫೈನಲ್‌ನಲ್ಲಿ ಎರಡು ಕಾರುಗಳು ಹೆಚ್ಚುಕಡಿಮೆ ಒಟ್ಟಿಗೇ ಗೆರೆ ದಾಟಿದವು. ಎಡಬದಿಯಲ್ಲಿ ನಿಂತಿದ್ದ ಒಬ್ಬ ಅಪ್ಪನ ಮೊಬೈಲ್ ವಿಡಿಯೊದಲ್ಲಿ ಕೆಂಪು ಕಾರು ಮುಂದಿತ್ತು. ಬಲಬದಿಯಲ್ಲಿದ್ದ ಇನ್ನೊಬ್ಬರ ವಿಡಿಯೊದಲ್ಲಿ ಹಳದಿ ಕಾರು! ಬಹುಮಾನ ಕೆಂಪು ಕಾರಿಗೆ ಹೋಯಿತು. "ಹಾಗಾದ್ರೆ ನಮ್ ವಿಡಿಯೊ ಸುಳ್ಳಾ?" ಎಂದು ಹಳದಿ ಕಾರಿನ ಹುಡುಗ ಕೇಳಿದ್ದಕ್ಕೆ ಅಲ್ಲಿದ್ದ ದೊಡ್ಡವರ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಆಗ ಇರಲಿಲ್ಲ.

ಈ ಆಟ ನಮಗೆ ಹೊಸದಾದರೂ ಅಮೆರಿಕದಲ್ಲಿ ಹಳೆಯದು. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಡಾನ್ ಮರ್ಫಿ ಎಂಬವರು ಸ್ಕೌಟ್ ಮಕ್ಕಳಿಗಾಗಿ 'ಪೈನ್‌ವುಡ್ ಡರ್ಬಿ' ಶುರುಮಾಡಿದರು. ಮರದ ತುಂಡನ್ನು ಕೆತ್ತಿ, ನಾಲ್ಕು ಚಕ್ರ ಹಾಕಿ, ಇಳಿಜಾರಿನ ಹಲಗೆಯಿಂದ ಬಿಡುವುದು, ಅಷ್ಟೆ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಕಾರು ಸುಮಾರು 18 ಸೆಂಟಿಮೀಟರ್ ಉದ್ದ, ಹೆಚ್ಚೆಂದರೆ 142 ಗ್ರಾಂ ತೂಕ. ಅಲ್ಲಿರುವ ನಮ್ಮವರ ಮಕ್ಕಳು ಆಡುವುದನ್ನು ವಾಟ್ಸ್ಯಾಪ್‌ನಲ್ಲಿ ನೋಡಿ ಇಲ್ಲಿನವರಿಗೂ ಆಸೆಯಾಗುತ್ತದೆ. ಇಲ್ಲಿ ಚನ್ನಪಟ್ಟಣದ ಕಾರು ತಂದು ಬಿಟ್ಟರೂ ಆಟ ನಡೆಯುತ್ತದೆ.

'ವಿಡಿಯೊ ಸುಳ್ಳು ಹೇಳುವುದಿಲ್ಲ' ಎಂಬ ನಂಬಿಕೆ ನಮ್ಮಲ್ಲಿ ಕ್ರಿಕೆಟ್‌ನಿಂದ ಬಂದದ್ದಿರಬೇಕು. 1992ರ ನವೆಂಬರ್‌ನಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಸಚಿನ್ ತೆಂಡೂಲ್ಕರ್ ಟಿವಿ ಮರುಪ್ರಸಾರದ ಆಧಾರದ ಮೇಲೆ ರನೌಟ್ ಆದ ಮೊದಲ ಬ್ಯಾಟ್ಸ್‌ಮನ್ ಆದರು. ಆದರೆ ರನೌಟ್ ನೋಡುವ ಕ್ಯಾಮೆರಾ ಕ್ರೀಸಿನ ಗೆರೆಗೆ ನೇರವಾಗಿ ಕೂತಿರುತ್ತದೆ. ಅಪ್ಪಂದಿರ ಕೈಯಲ್ಲಿರುವ ಮೊಬೈಲ್ ಹಾಗಿರುವುದಿಲ್ಲ.

ಜೆ.ಪಿ. ನಗರದಲ್ಲಿ ಆದದ್ದು ಇದೇ. ಗೆರೆಗಿಂತ ತುಸು ಹಿಂದೆ ನಿಂತು ನೋಡಿದರೆ ಹತ್ತಿರದ ಕಾರು ಮುಂದಿದ್ದಂತೆ ಕಾಣುತ್ತದೆ. ಗೆರೆ ದಾಟಿ ನಿಂತರೆ ದೂರದ ಕಾರು. ಲೆಕ್ಕ ಹಾಕೋಣ. ಕ್ಯಾಮೆರಾ ಗೆರೆಯಿಂದ 10 ಸೆಂ.ಮೀ. ಹಿಂದಿದೆ, ಹತ್ತಿರದ ಸಾಲು 50 ಸೆಂ.ಮೀ. ದೂರದಲ್ಲಿದೆ, ಇನ್ನೊಂದು ಸಾಲು ಅದರಿಂದಾಚೆ 30 ಸೆಂ.ಮೀ. ಎಂದುಕೊಳ್ಳಿ. ಎರಡೂ ಕಾರು ಸರಿಸಮವಾಗಿ ಗೆರೆಯ ಮೇಲಿದ್ದರೂ ದೂರದ ಕಾರು 6 ಸೆಂ.ಮೀ. ಹಿಂದಿದ್ದಂತೆ ಕಾಣುತ್ತದೆ. ಇಬ್ಬರು ಅಪ್ಪಂದಿರೂ ತಮ್ಮ ತಮ್ಮ ಮಕ್ಕಳ ಸಾಲಿನ ಪಕ್ಕ, ಗೆರೆಗಿಂತ ಹಿಂದೆ ನಿಂತಿದ್ದರು. ಇಬ್ಬರ ವಿಡಿಯೊವೂ ಸುಳ್ಳಲ್ಲ, ಆದರೆ ಎರಡೂ ತೀರ್ಪಿಗೆ ಬರುವಂಥವಲ್ಲ.

ಹಾಗಾಗಿ ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಗೆರೆಯ ನೆತ್ತಿಯ ಮೇಲೆ, ನೇರ ಕೆಳಕ್ಕೆ ನೋಡುವಂತೆ ಇಡಬೇಕು. ಇಡುವಾಗ ಗೆರೆಯು ಮೊಬೈಲಿನ ಉದ್ದದ ಅಂಚಿಗೆ ಸಮಾನಾಂತರವಾಗಿರಲಿ. ಇದಕ್ಕೊಂದು ಕಾರಣವಿದೆ. ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ತೆಗೆಯುವುದಿಲ್ಲ, ಸೀರೆ ನೇಯ್ದಂತೆ ಒಂದೊಂದೇ ಸಾಲಾಗಿ ಓದುತ್ತಾ ಹೋಗುತ್ತದೆ. ಗೆರೆ ಅಡ್ಡಡ್ಡ ಬಂದರೆ ಒಂದು ಕಾರಿನ ಚಿತ್ರ ಇನ್ನೊಂದಕ್ಕಿಂತ ಕೆಲವು ಮಿಲಿಸೆಕೆಂಡ್ ತಡವಾಗಿ ದಾಖಲಾಗುತ್ತದೆ. ಕಾರಿನ ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ 5 ಮಿಲಿಸೆಕೆಂಡ್ ಎಂದರೆ 2 ಸೆಂ.ಮೀ. ಗೆಲುವು ಸೋಲಿನ ಅಂತರವೇ ಅಷ್ಟಿರುವಾಗ ಇದು ಸಣ್ಣದಲ್ಲ.

ಈ 4 ಮೀಟರ್ ಎಲ್ಲಿಂದ ಬಂತು? 1.2 ಮೀಟರ್ ಎತ್ತರದಿಂದ ಘರ್ಷಣೆಯೇ ಇಲ್ಲದೆ ಜಾರಿದರೆ ವೇಗ ಸೆಕೆಂಡಿಗೆ 4.8 ಮೀಟರ್ ಮುಟ್ಟುತ್ತದೆ. ಚಕ್ರ, ಗಾಳಿಗಳ ಪಾಲು ಕಳೆದು 4 ಎಂದು ಹಿಡಿದಿದ್ದೇವೆ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಅಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕಾರು 13 ಸೆಂ.ಮೀ. ಹಾರಿರುತ್ತದೆ. ಸ್ಲೋ ಮೋಷನ್‌ನ 240 ಫ್ರೇಮ್‌ಗಳಲ್ಲಾದರೆ 1.7 ಸೆಂ.ಮೀ. ಮಾತ್ರ.

'ಒಂದೇ ಫ್ರೇಮಿನಲ್ಲಿ ಎರಡೂ ಕಾರಿನ ಮೂತಿ ಕಂಡರೆ ಸಾಕಲ್ಲ, 30 ಇದ್ದರೇನು?' ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಮೂತಿ ಸ್ಪಷ್ಟವಾಗಿ ಕಂಡರೆ ಸಾಕು. ಆದರೆ ಶಟರ್ ಒಂದು ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲಿ ಕಾರು 6 ಸೆಂ.ಮೀ.ಗೂ ಹೆಚ್ಚು ಸರಿದು ಮೂತಿ ಕಲಸಿಹೋಗುತ್ತದೆ. ಸಾವಿರದಲ್ಲೊಂದು ಭಾಗಕ್ಕೆ ಇಳಿಸಿದರೆ ಕಲಸುವುದು 4 ಮಿಲಿಮೀಟರ್ ಮಾತ್ರ. ದುಬಾರಿ ಫೋನು, ಹೆಚ್ಚು ಮೆಗಾಪಿಕ್ಸೆಲ್ ಇದ್ದರೆ ಸಾಕೆಂಬುದು ತಪ್ಪು. ಕಲಸಿದ ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಅದು ಕಲಸಿದ್ದೇ.

ಶಟರ್ ಬೇಗ ಮುಚ್ಚಿದರೆ ಬೆಳಕು ಹೆಚ್ಚು ಬೇಕು. ಪಾರ್ಕಿಂಗ್‌ನ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಸ್ಲೋ ಮೋಷನ್‌ನಲ್ಲಿ ಕತ್ತಲು ಬೆಳಕಿನ ಪಟ್ಟಿಗಳಾಗಿ ಕಾಣುತ್ತದೆ. ಹಗಲಿನ ನೆರಳೇ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ತೀರ್ಪನ್ನು ವಿಡಿಯೊಗೆ ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಆ ಕೆಲಸ ಸೆನ್ಸರ್‌ನದು. ಪ್ರತಿ ಸಾಲಿನ ಹಲಗೆಯಲ್ಲೊಂದು ತೂತು, ಅದರೊಳಗೆ ಫೋಟೋಟ್ರಾನ್ಸಿಸ್ಟರ್, ಮೇಲಿನಿಂದ ಇನ್‌ಫ್ರಾರೆಡ್ ಎಲ್‌ಇಡಿ. ಕಾರು ಬೆಳಕನ್ನು ಮರೆಮಾಡಿದ ಕ್ಷಣವನ್ನು ಆರ್ಡುಯಿನೊ ಬೋರ್ಡ್ ಬರೆದುಕೊಂಡು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಆರ್ಡುಯಿನೊ ಉನೊದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ 4 ಭಾಗದಷ್ಟು ಸೂಕ್ಷ್ಮ. ಜಯನಗರದಲ್ಲಿ ಹಸಿರು ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ಹೋದರೆ ಈ ಸಾಮಾನೆಲ್ಲ ಸಿಗುತ್ತದೆ.

ಒಂದು ಎಚ್ಚರಿಕೆ. ವಿಡಿಯೊಗೆ ಒಳ್ಳೆಯದಾದ ಬಿಸಿಲು ಸೆನ್ಸರ್‌ಗೆ ಶತ್ರು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಾರು ಬಂದದ್ದೇ ಅದಕ್ಕೆ ತಿಳಿಯದೆ ಹೋಗಬಹುದು. ನಾವು ಮೊದಲ ಸಲ ಬನಶಂಕರಿಯ ಒಂದು ಮಹಡಿಯ ಮೇಲೆ ಪ್ರಯತ್ನಿಸಿದಾಗ ನಾಲ್ಕು ಸಾಲಿನಲ್ಲಿ ಎರಡು ಸಾಲು ಸಮಯವನ್ನೇ ಕೊಡಲಿಲ್ಲ. ಫೋಟೋಟ್ರಾನ್ಸಿಸ್ಟರ್‌ಗೆ ಕಪ್ಪು ಸ್ಟ್ರಾ ತುಂಡೊಂದನ್ನು ತೊಡಿಸಿ, ಮೇಲೊಂದು ರಟ್ಟಿನ ಚಪ್ಪರ ಹಾಕಿದ ಮೇಲೆ ಸರಿಹೋಯಿತು.

ಹಾಗಾದರೆ ಮೊಬೈಲ್ ಯಾಕೆ? ಸೆನ್ಸರ್ ತಪ್ಪಿದಾಗ ಸಾಕ್ಷಿಗೆ. ಕೈಯೋ ಎಲೆಯೋ ಅಡ್ಡ ಬಂದು 'ಗೆದ್ದಿತು' ಎಂದು ತೋರಿಸಿದರೆ ಹಿಡಿಯುವುದು ವಿಡಿಯೊವೇ. ಮೂಲ ಫೈಲನ್ನು ಕೇಬಲ್‌ನಲ್ಲೇ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ, ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ 'ಇ' ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ನೆರೆದವರಿಗೆ ತೋರಿಸಲು ಬೇರೆ ವೆಬ್‌ಕ್ಯಾಮ್ ಇಡಿ. ಉಚಿತ ತಂತ್ರಾಂಶ ಓಬಿಎಸ್ ಸ್ಟುಡಿಯೊದಲ್ಲಿ 'ರೀಪ್ಲೇ ಬಫರ್' ಹಾಕಿಟ್ಟರೆ ಕಳೆದ ಕೆಲವು ಸೆಕೆಂಡು ಸದಾ ನೆನಪಿನಲ್ಲಿರುತ್ತದೆ, ರೇಸ್ ಮುಗಿದೊಡನೆ ಒಂದು ಕೀ ಒತ್ತಿ ಉಳಿಸಿಕೊಂಡು ಟಿವಿಯಲ್ಲಿ ತೋರಿಸಬಹುದು.

ಇನ್ನೊಂದು ಮಾತು. ಹಲಗೆಯ ಎಲ್ಲ ಸಾಲುಗಳೂ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಜೋಡಣೆ ಉಬ್ಬಿರುತ್ತದೆ, ಇನ್ನೊಂದು ನುಣುಪಾಗಿರುತ್ತದೆ. ಕ್ಯಾಮೆರಾ ಎಷ್ಟೇ ನಿಖರವಾಗಿದ್ದರೂ ಈ ಅನ್ಯಾಯ ಅದಕ್ಕೆ ಕಾಣದು. ನಾಲ್ಕು ಕಾರು, ನಾಲ್ಕು ಸಾಲು ಇದ್ದರೆ ನಾಲ್ಕು ಸಲ ಓಡಿಸಿ, ಪ್ರತಿ ಕಾರೂ ಪ್ರತಿ ಸಾಲಿನಲ್ಲಿ ಒಮ್ಮೆ ಬರಲಿ. ನಾಲ್ಕೂ ಸಮಯವನ್ನು ಕೂಡಿಸಿದರೆ ಯಾರದು ಕಡಿಮೆಯೋ ಅವರು ಗೆದ್ದಂತೆ. ಲ್ಯಾಪ್‌ಟಾಪಿನಲ್ಲಿ ಒಂದು ಸ್ಪ್ರೆಡ್‌ಶೀಟ್ ಸಾಕು. ಗೆರೆ ದಾಟುವುದೆಂದರೆ ಕಾರಿನ ಮೂತಿಯೋ ಅಡಿಭಾಗವೋ, ಎಷ್ಟು ಕಡಿಮೆ ಅಂತರವಿದ್ದರೆ ಸಮ ಎಂದು ಘೋಷಿಸುತ್ತೀರಿ ಎಂಬುದನ್ನು ಮಕ್ಕಳಿಗೆ ರೇಸ್‌ಗೆ ಮುಂಚೆಯೇ ಹೇಳಿಬಿಡಿ. ಜೆ.ಪಿ. ನಗರದಲ್ಲಿ ಕೆಂಪು, ಹಳದಿ ಕಾರುಗಳನ್ನು ಸಾಲು ಅದಲುಬದಲು ಮಾಡಿ ಇನ್ನೊಮ್ಮೆ ಓಡಿಸಿದ್ದರೂ ಸಾಕಿತ್ತು.